ವಿಶೇಷ ಇದೆಯೋ ಇಲ್ಲವೋ, ಮೊದಲು ಆ ಕಿಟ್ ಬಿಚ್ಚಿ

ಸಕಲೇಶಪುರದ ಕಡೆಯ ಹೆಣ್ಣುಮಗಳೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ವಯಸ್ಸು 27. ಎರಡು ವರ್ಷ ಗರ್ಭನಿರೋಧಕ ಮಾತ್ರೆ ತಗೊಂಡು, ಮಗು ಬೇಕು ಅಂತ ಗಂಡ ಹೆಂಡತಿ ಮಾತಾಡಿಕೊಂಡೇ ನಿಲ್ಲಿಸಿದ್ದಾರೆ. ಈಗ ಎರಡೂವರೆ ತಿಂಗಳು. ನಿಲ್ಲಿಸಿದ ಮೂರನೇ ದಿನ ಮುಟ್ಟಾದದ್ದೇ ಕೊನೆ. ಎದೆ ಬಿಗಿದು ನೋವು, ಗದ್ದದ ತುಂಬ ಮೊಡವೆ, ಬಾಚಣಿಗೆ ತುಂಬ ಕೂದಲು, ಒಗ್ಗರಣೆ ವಾಸನೆಗೆ ವಾಕರಿಕೆ. ‘ಬಸುರಿಯೋ, ಇಲ್ಲಾ ಮಾತ್ರೆಯಿಂದ ಗರ್ಭಕೋಶ ಕೆಟ್ಟಿತೋ?’ ಅಂತ ಕೇಳಿದ್ದಾರೆ.

ಕೊನೆಯಲ್ಲಿ ಸುಮ್ನೆ ಹೇಳಿ ಹೋದ ಹಾಗೆ ಒಂದು ಸಾಲು: ‘ಹಾಸನಕ್ಕೆ ಹೋದಾಗ ಟೆಸ್ಟ್ ಕಿಟ್ ತಂದಿದ್ದೆ. ಬೀರುವಿನಲ್ಲಿ ಧಾರೆ ಸೀರೆ ಕೆಳಗಿದೆ, 18 ದಿನ ಆಯ್ತು.’

ಅಲ್ಲ ತಾಯಿ, ಉತ್ತರವನ್ನು ಸೀರೆ ಕೆಳಗೆ ಇಟ್ಟು ಪ್ರಶ್ನೆಯನ್ನು ನನಗೆ ಕಳಿಸಿದ್ದೀರಲ್ಲ! ಬೈಯುತ್ತಿಲ್ಲ. ಊರಿನ ಮೆಡಿಕಲ್ ಶಾಪಿನವರು ಯಜಮಾನರ ಸ್ನೇಹಿತರು ಅಂತ ಹಾಸನದವರೆಗೆ ಬಸ್ ಹತ್ತಿದವರು ನೀವು. ಅಷ್ಟು ದೂರ ಹೋಗಲು ಬಂದ ಧೈರ್ಯ ಬಚ್ಚಲುಮನೆ ಬಾಗಿಲಲ್ಲಿ ಹೋಯಿತು, ಅಷ್ಟೇ.

ನನ್ನ ಸಿಟ್ಟೆಲ್ಲ ನಿಮ್ಮ ಯಜಮಾನರ ಅಕ್ಕನ ಮೇಲೆ. ಪ್ರತಿ ಭಾನುವಾರ ಫೋನ್ ಮಾಡಿ ‘ಏನಾದ್ರೂ ವಿಶೇಷನಾ?’ ಅನ್ನುವುದು, ‘ಮಾತ್ರೆ ನುಂಗಿದವರಿಗೆ ಮಕ್ಕಳಾಗಲ್ಲ’ ಅಂತ ಹೆದರಿಸುವುದು, ಮುಟ್ಟು ಬರಲಿ ಅಂತ ಕಷಾಯ ಹೇಳಿಕೊಡುವುದು. ಆಕೆಗೆ ಯಾರು ಕೊಟ್ಟರು ಈ ಡಾಕ್ಟರಿಕೆ? ಕಷಾಯ ಮುಟ್ಟಬೇಡಿ. ಮಾತ್ರೆಯಿಂದ ಬಂಜೆತನ ಬರುವುದಿಲ್ಲ.

ಆ ಮೂರನೇ ದಿನದ್ದು ನಿಜವಾದ ಮುಟ್ಟಲ್ಲ. ಮಾತ್ರೆಯ ಹಾರ್ಮೋನು ಇಳಿದಾಗ ಆಗುವ ರಕ್ತಸ್ರಾವ ಅದು. ನಿಮ್ಮದೇ ಮುಟ್ಟು ಶುರುವಾಗಲು ಮೂರು ತಿಂಗಳವರೆಗೂ ಹಿಡಿಯಬಹುದು. ಆದರೆ ಅಂಡಾಣು ಎರಡು ಮೂರು ವಾರಕ್ಕೇ ಬಿಡುಗಡೆಯಾಗಬಹುದು. ಅಂದರೆ ಮುಟ್ಟು ಕಾಣುವ ಮೊದಲೇ ಬಸುರಿಯಾಗಬಹುದು. ಮೊಡವೆ, ಕೂದಲು ಉದುರುವುದು ಮಾತ್ರೆ ಬಿಟ್ಟವರಲ್ಲಿ ಮಾಮೂಲಿ. ಎದೆನೋವು ಎರಡಕ್ಕೂ ಸಲ್ಲುತ್ತದೆ. ವಾಕರಿಕೆ ನೋಡಿದರೆ ನನಗೆ ಸ್ವಲ್ಪ ಅನುಮಾನ ಜಾಸ್ತಿ. ಅನುಮಾನ ಇಟ್ಟುಕೊಂಡು ಏನು ಮಾಡುತ್ತೀರಿ?

ನಾಳೆ ಬೆಳಿಗ್ಗೆ ಎದ್ದ ಕೂಡಲೇ, ಕಾಫಿಗೂ ಮುಂಚೆ, ಮೊದಲ ಮೂತ್ರದಲ್ಲಿ ಟೆಸ್ಟ್ ಮಾಡಿ. ಪೊಟ್ಟಣದ ಮೇಲೆ ಬರೆದಷ್ಟೇ ನಿಮಿಷ ಕಾದು ನೋಡಿ. ಎರಡನೇ ಗೆರೆ ತೆಳ್ಳಗಿದ್ದರೂ ಗೆರೆಯೇ. ಬಂದರೆ ಡಾಕ್ಟರ ಹತ್ತಿರ ಹೋಗಿ, ತಾಯಿ ಕಾರ್ಡ್ ಮಾಡಿಸಿ. ಒಂದೇ ಗೆರೆ ಬಂದರೆ ವಾರ ಬಿಟ್ಟು ಇನ್ನೊಂದು ಸಲ. ಮೂರು ತಿಂಗಳು ತುಂಬಿಯೂ ಮುಟ್ಟಿಲ್ಲದಿದ್ದರೆ ಆಗಲೂ ಡಾಕ್ಟರೇ. ಥೈರಾಯ್ಡ್, ಪಿಸಿಒಡಿ (ಅಂಡಾಶಯದ ಹಾರ್ಮೋನು ತೊಂದರೆ) ಎಲ್ಲ ನೋಡುತ್ತಾರೆ. ಹೊಟ್ಟೆಯ ಒಂದೇ ಪಕ್ಕ ಜೋರು ನೋವು, ತಲೆಸುತ್ತು, ರಕ್ತಸ್ರಾವ ಕಂಡರೆ ಮಾತ್ರ ಅವತ್ತೇ ಆಸ್ಪತ್ರೆಗೆ ಹೊರಡಿ.

ಮಾತ್ರೆಗೆ ಮುಂಚೆ ಮುಟ್ಟು ಸರಿಯಾಗಿ ಬರುತ್ತಿತ್ತಾ? ನೀವು ಬರೆದಿಲ್ಲ, ಡಾಕ್ಟರು ಕೇಳೇ ಕೇಳುತ್ತಾರೆ. ಈ ಅಂಕಣ ಓದುವವರಿಗೆ ನನ್ನ ಹಳೇ ರಾಗ ಗೊತ್ತು: ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಮುಟ್ಟಿನ ತಾರೀಕಿಗೂ ಒಂದು ಚುಕ್ಕೆ ಇಡಿ.

ಭಾನುವಾರದ ಫೋನು ಬಂದರೆ ನೀವು ಎತ್ತಬೇಡಿ. ಅಕ್ಕ ಅವರದು, ಯಜಮಾನರೇ ಮಾತಾಡಲಿ.