ಮಡಿಕೇರಿಯಿಂದ ಮಕ್ಕಳ ಜೊತೆ ಥೀಮ್ ಪಾರ್ಕ್‌ಗೆ ಹೋದರೆ ಪಕ್ಕದ ರೆಸಾರ್ಟ್‌ನಲ್ಲೇ ಉಳಿಯಬೇಕಾ? ಬಾಡಿಗೆ ಜಾಸ್ತಿ ಅಲ್ವಾ?

ಚಿಕ್ಕ ಮಕ್ಕಳಿದ್ದರೆ ಖಂಡಿತ ಉಳಿಯಿರಿ. ನೀವು ಜಾಸ್ತಿ ದುಡ್ಡು ಕೊಡುವುದು ಕೋಣೆಗಲ್ಲ, ಬೆಳಗಿನ ಮೊದಲ ಗಂಟೆಗೆ.

ಒಂದು ರೈಡ್‌ನಲ್ಲಿ ಒಮ್ಮೆಗೆ 24 ಜನ ಕೂರುತ್ತಾರೆ, ಒಂದು ಸುತ್ತಿಗೆ 3 ನಿಮಿಷ ಅಂದುಕೊಳ್ಳಿ. ಗಂಟೆಗೆ 480 ಜನ, ಅಷ್ಟೇ. ಮಧ್ಯಾಹ್ನ ಎಷ್ಟೇ ಜನ ಬಂದರೂ ಈ ಲೆಕ್ಕ ಬದಲಾಗಲ್ಲ, ಸಾಲು ಮಾತ್ರ ಬೆಳೆಯುತ್ತದೆ. ಗೇಟು ತೆರೆದಾಗಲೇ ಒಳಗಿದ್ದವರಿಗೆ ಆ ಸಾಲು ಇರುವುದಿಲ್ಲ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್ ತನ್ನ ಹೋಟೆಲ್‌ಗಳಲ್ಲಿ ಉಳಿದವರನ್ನು ಅರ್ಧ ಗಂಟೆ ಮೊದಲೇ ಒಳಗೆ ಬಿಡುತ್ತದೆ. ಇದಕ್ಕೆ ಬೆಲೆ ಇದೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ನಮಗೆ ದಾರಿಯಲ್ಲೇ ಸಿಗುವುದು ಬಿಡದಿಯ ವಂಡರ್‌ಲಾ, ಪಕ್ಕದಲ್ಲೇ ಅವರದೇ ರೆಸಾರ್ಟ್ ಇದೆ. ಮಡಿಕೇರಿಯಿಂದ ಸುಮಾರು 230 ಕಿಲೋಮೀಟರ್. ಬೆಳಗಿನ ಜಾವ ಘಟ್ಟದ ತಿರುವು ಸುತ್ತಿ ಹೊರಟ ಮಗು ನೇರ ರೋಲರ್ ಕೋಸ್ಟರ್ ಹತ್ತುವುದು ಬೇಡ. ಹಿಂದಿನ ಸಂಜೆಯೇ ತಲುಪಿ. ಕೋಣೆ ಪಕ್ಕದಲ್ಲೇ ಇದ್ದರೆ, ನೀರಾಟ ಮುಗಿಸಿ ನಡುಗುವ ಮಗುವಿಗೆ ಒಣ ಬಟ್ಟೆ ಹಾಕಿ ಒಂದು ಗಂಟೆ ಮಲಗಿಸಬಹುದು. ನನಗಂತೂ ಇದೇ ದೊಡ್ಡ ಅನುಕೂಲ.

ಕೋಣೆಯ ಥೀಮ್? ಲೆಗೋ ಆಟಿಕೆಯ ಥೀಮ್ ಪಾರ್ಕ್ ಲೆಗೋಲ್ಯಾಂಡ್‌ನ ಹೋಟೆಲ್‌ಗಳಲ್ಲಿ ಮಕ್ಕಳು ಸುಳಿವು ಬಿಡಿಸಿ ಪುಟ್ಟ ಪೆಟ್ಟಿಗೆ ತೆರೆಯುತ್ತಾರೆ, ಅದು ನಿಜಕ್ಕೂ ಚೆಂದ. ಸುಮ್ನೆ ಗೋಡೆಗೆ ಚಿತ್ರ ಅಂಟಿಸಿದ್ದರೆ ಅದಕ್ಕಾಗಿ ದುಡ್ಡು ಕೊಡಬೇಡಿ. ಬುಕ್ ಮಾಡುವ ಮೊದಲು ಪಾರ್ಕ್ ಟಿಕೆಟ್ ಬಾಡಿಗೆಯಲ್ಲೇ ಸೇರಿದೆಯಾ ಕೇಳಿ.