ತೋಟ ನೋಡದ ಲೇಖನ

ನಮಸ್ಕಾರ,

ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಸಿಟ್ಟೂ ಇದೆ. ಆದರೆ ಈಗಿರುವ ಹಾಗೆ ಹಾಕಲಾರೆ. ‘ಪೇಪರ್ ವರದಿಗಳನ್ನು ಓದಿಯೇ ಬರೆದಿದ್ದೇನೆ, ಇದೂ ಪತ್ರಿಕೋದ್ಯಮವೇ ಅಲ್ವಾ?’ ಅಂತ ಕೇಳಿದ್ದೀರಿ.

ಆಗಬಹುದು. ಬಜೆಟ್ ಬಗ್ಗೆ ಬರೆಯೋಕೆ ವಿಧಾನಸೌಧದಲ್ಲೇ ಕೂತಿರಬೇಕಿಲ್ಲ, ಬಜೆಟ್ ಪುಸ್ತಕ ಬಿಚ್ಚಿ ನೋಡಿದರೂ ನಡೆಯುತ್ತದೆ. ನೀವು ಅಂಥ ಯಾವ ಕಾಗದವನ್ನೂ ನೋಡಿಲ್ಲ. ನೀವು ಆಧರಿಸಿದ ನಾಲ್ಕೂ ವರದಿಗಳಲ್ಲಿ ಒಂದು ಪ್ಯಾರಾ ಅಕ್ಷರ ಬಿಡದೆ ಒಂದೇ ಇದೆ. ಯಾವುದೋ ಒಂದು ಪ್ರಕಟಣೆ ನಾಲ್ಕು ಕಡೆ ಅಚ್ಚಾಗಿದೆ, ಅಷ್ಟೇ. ಅದು ನಿಮ್ಮಲ್ಲಿ ‘ಹಲವು ವರದಿಗಳ ಪ್ರಕಾರ’ ಆಗಿಬಿಟ್ಟಿದೆ.

ಇನ್ನೊಂದು ಎಡವಟ್ಟು ನೋಡಿ. ಎರಡನೇ ಪ್ಯಾರಾದಲ್ಲಿ ಎಲೆಚುಕ್ಕಿ ಅಂದಿದ್ದು ಮೂರನೆಯದರಲ್ಲಿ ಹಳದಿ ಎಲೆ ರೋಗ ಆಗಿದೆ. ಎರಡೂ ಬೇರೆ. ಎಲೆಚುಕ್ಕಿ ಶಿಲೀಂಧ್ರದ್ದು, ಮಳೆ-ಗಾಳಿಗೆ ಹರಡುತ್ತದೆ. ಮರದ ಕೆಳಗಿನ ಸೋಗೆಯಲ್ಲಿ, ಅಂದರೆ ಗರಿಯಲ್ಲಿ, ಕಂದು ಚುಕ್ಕಿ, ಸುತ್ತ ಹಳದಿ ಅಂಚು. ಆಮೇಲೆ ಚುಕ್ಕಿಗಳು ಕೂಡಿಕೊಂಡು ಸೋಗೆಯೇ ಒಣಗುತ್ತದೆ. ಶೃಂಗೇರಿ, ಕೊಪ್ಪದ ಕಡೆ ತೋಟಗಳನ್ನೇ ತಿಂದ ಹಳದಿ ಎಲೆ ರೋಗ ಫೈಟೊಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಯಿಂದ ಬರೋದು, ಹರಡೋದು ಕೀಟ. ಅದನ್ನು ಗುಣಪಡಿಸುವ ಔಷಧಿಯೇ ಇಲ್ಲ. ಅಂದಮೇಲೆ ‘ಸಬ್ಸಿಡಿಯಲ್ಲಿ ಔಷಧಿ ಕೊಟ್ಟಿದ್ದರೆ ರೋಗ ನಿಲ್ಲುತ್ತಿತ್ತು’ ಅನ್ನೋ ನಿಮ್ಮ ವಾದ ಅರ್ಧಕ್ಕೇ ಬಿದ್ದುಹೋಗುತ್ತದೆ. ಅಡಿಕೆ ಸಂಶೋಧನಾ ಕೇಂದ್ರ ನಿಮ್ಮ ತೀರ್ಥಹಳ್ಳಿಯಲ್ಲೇ ಇದೆ ಮಾರಾಯ್ರೇ, ಒಮ್ಮೆ ಹೋಗಿ ಕೇಳಬಹುದಿತ್ತು.

‘ಕಂಗಾಲಾದ ರೈತರು’ ಅಂತ ಮತ್ತೆ ಮತ್ತೆ ಬರುತ್ತದೆ. ಒಬ್ಬರೂ ಬಾಯಿ ಬಿಡೋದಿಲ್ಲ. ಅಷ್ಟೆತ್ತರದ ಸೋಗೆಗೆ ಔಷಧಿ ಹೊಡೆಯೋರು ಯಾರು? ಮರ ಹತ್ತೋ ಕೊನೆಗಾರ ಸಿಕ್ಕನಾ, ಎಷ್ಟು ಕೇಳಿದ? ನೆಲದಿಂದಲೇ ಹೊಡೆಯೋ ಉದ್ದ ಕೋಲಿನ ದೋಟಿ ಸ್ವಂತದ್ದೋ, ಬಾಡಿಗೆಯದ್ದೋ? ಕಾಯಿ ಉದುರಿಸೋ ಕೊಳೆ ರೋಗದ ಔಷಧಿಯ ಖರ್ಚಿನ ಮೇಲೆ ಇದೊಂದು ಖರ್ಚು ಬೇರೆ. ಪಕ್ಕದ ತೋಟದವರು ಹೊಡೆಸದಿದ್ದರೆ ಇವರು ಹೊಡೆಸಿ ಏನು ಬಂತು? ಇದು ಯಾವ ಪೇಪರಿನಲ್ಲೂ ನಿಮಗೆ ಸಿಗೋದಿಲ್ಲ.

ಬರೀ ಅಭಿಪ್ರಾಯವಾಗಿಯೇ ಇರಲಿ ಅಂದರೆ ಅರ್ಧಕ್ಕೆ ಇಳಿಸಿ, ಯಾವ ಮಾತು ಎಲ್ಲಿಂದ ಬಂತು ಅಂತ ಅಲ್ಲಲ್ಲೇ ಹೇಳಿ, ರೋಗದ ಹೆಸರು ಸರಿಮಾಡಿ. ಅಂಕಣದ ಪುಟದಲ್ಲಿ ಹಾಕುತ್ತೇನೆ. ವರದಿ ಅನಿಸಿಕೊಳ್ಳಬೇಕು ಅಂದರೆ ತೋಟಕ್ಕೆ ಇಳಿಯಿರಿ. ನನಗೆ ಎರಡನೆಯದೇ ಬೇಕು. ಸೋಗೆಯ ಫೋಟೋ ಹತ್ತಿರದಿಂದ ತೆಗೀರಿ. ಮಳೆ ಹಿಡಿದರೆ ರಕ್ತ ಹೀರೋ ಇಂಬಳದ (ಜಿಗಣೆ) ಕಾಟ ಜಾಸ್ತಿ, ಅದಕ್ಕೂ ಮೊದಲೇ ಹೋಗಿಬನ್ನಿ.

— ಸಂಪಾದಕ, ಶಿವಮೊಗ್ಗ