ಮೋಟರ್ ಬದಲಾಯಿಸೋ ಮುಂಚೆ ಪ್ರಾಪ್ ಲೆಕ್ಕ ಹಾಕಿ: ಸ್ಪೀಡ್ ಆರ್‌ಸಿ ಪ್ಲೇನ್ ಪ್ರಶ್ನೆಗಳಿಗೆ ಉತ್ತರ

ರಾಗಿ ಕುಯ್ಲು ಮುಗೀತು, ಹಾಸನದ ಸುತ್ತ ಹೊಲ ಎಲ್ಲಾ ಬಯಲಾಗಿದೆ, ಅಟ್ಟದ ಮೇಲಿದ್ದ ಪ್ಲೇನುಗಳು ಕೆಳಗೆ ಬಂದಿವೆ ಅನ್ಸತ್ತೆ, ಈ ಸಲ ಬಂದಿರೋ ಪ್ರಶ್ನೆ ಜಾಸ್ತಿ ಸ್ಪೀಡ್ ಬಗ್ಗೆನೇ. ಆರ್‌ಸಿ ಪ್ಲೇನ್ ಅಂದ್ರೆ ರಿಮೋಟಲ್ಲಿ ಹಾರಿಸೋ ಪುಟ್ಟ ಪ್ಲೇನ್, ಪ್ರಾಪ್ ಅಂದ್ರೆ ಅದರ ಪ್ರೊಪೆಲ್ಲರ್. ಐದು ಪ್ರಶ್ನೆ ತಗೊಂಡಿದೀನಿ.

ಪ್ರಶ್ನೆ: ಸಾರ್, ನಮ್ಮೂರು ಕಡೂರು, ಡಿಪ್ಲೊಮಾ ಮೆಕ್ಯಾನಿಕಲ್ ಓದ್ತಿದೀನಿ. ಫೋಮ್ ಬೋರ್ಡಲ್ಲಿ 900 ಎಂಎಂ ರೆಕ್ಕೆಯ ಪ್ಲೇನ್ ಮಾಡಿದೀನಿ, 1400 ಕೆವಿ ಮೋಟರ್, 3ಎಸ್ 2200 ಎಂಎಎಚ್ ಬ್ಯಾಟರಿ, 8 ಬೈ 4 ಪ್ರಾಪ್, 30 ಆಂಪ್ಸ್ ಇಎಸ್‌ಸಿ (ಮೋಟರ್ ಸ್ಪೀಡ್ ಕಂಟ್ರೋಲರ್). ಜಿಪಿಎಸ್ ಕಟ್ಟಿ ನೋಡಿದೆ, ಫುಲ್ ಥ್ರಾಟಲ್ ಕೊಟ್ರೂ ಗಂಟೆಗೆ 70 ಕಿಲೋಮೀಟರ್ ದಾಟ್ತಿಲ್ಲ. 2200 ಕೆವಿ ಮೋಟರ್ ಹಾಕಿದ್ರೆ 150 ಹೋಗತ್ತಾ?

ಉತ್ತರ: ಜಿಪಿಎಸ್ ಕಟ್ಟಿ ಅಳೆದಿದೀರಲ್ಲ, ಅದು ತುಂಬಾ ಒಳ್ಳೆ ಕೆಲಸ, ಸುಮಾರು ಜನ ಕಣ್ಣಂದಾಜಲ್ಲೇ ನೂರು ನೂರೈವತ್ತು ಅಂತ ಹೇಳ್ಕೊಂಡು ಓಡಾಡ್ತಾರೆ. ಈಗ ಆರ್ಡರ್ ಹಾಕೋ ಮುಂಚೆ ಒಂದು ಪೇಪರ್ ಪೆನ್ನು ತಗೊಳ್ಳಿ. ಕೆವಿ ಅಂದ್ರೆ ಲೋಡ್ ಇಲ್ದೆ ಇದ್ದಾಗ ಒಂದು ವೋಲ್ಟಿಗೆ ಮೋಟರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗತ್ತೆ ಅನ್ನೋ ಲೆಕ್ಕ, ಅದು ಪವರ್ ಅಲ್ಲ. 3ಎಸ್ ಅಂದ್ರೆ ಮೂರು ಸೆಲ್ಲಿನ ಬ್ಯಾಟರಿ, 11.1 ವೋಲ್ಟ್, 1400ರಿಂದ ಗುಣಿಸಿದ್ರೆ 15,540, ಪ್ರಾಪ್ ಹಾಕಿದ ಮೇಲೆ ಅದರಲ್ಲಿ ನೂರಕ್ಕೆ ಎಂಬತ್ತು ಭಾಗ ಸಿಗತ್ತೆ ಅಂತ ಇಟ್ಕೊಳ್ಳಿ, ಹತ್ತತ್ರ 12,400 ಸುತ್ತು. ಇನ್ನು ಪ್ರಾಪ್ ಮೇಲಿರೋ ಮೊದಲನೇ ನಂಬರ್ ಅಗಲ, ಅಂದ್ರೆ ತುದಿಯಿಂದ ತುದಿಗೆ ಎಷ್ಟು ಇಂಚು ಅಂತ, ಎರಡನೇ ನಂಬರ್ ಪಿಚ್, ಮರಕ್ಕೆ ಸ್ಕ್ರೂ ಹಾಕ್ದಾಗ ಒಂದು ಸುತ್ತಿಗೆ ಇಷ್ಟು ಒಳಗೆ ಹೋಗತ್ತಲ್ಲ ಹಂಗೆ, ನಿಮ್ಮ ಪ್ರಾಪ್ ಒಂದು ಸುತ್ತಿಗೆ 4 ಇಂಚು ಮುಂದೆ ಹೋಗ್ಬೇಕು. ಸುತ್ತನ್ನ ಪಿಚ್ಚಿಂದ ಗುಣಿಸಿ ಮತ್ತೆ 0.0015ರಿಂದ ಗುಣಿಸಿದ್ರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬರತ್ತೆ. ನಿಮ್ದು 75ರ ಹತ್ರ ಬಂತಾ? ಅಲ್ಲಿಗೆ ಉತ್ತರ ಸಿಕ್ತು. ನಿಮ್ಮ ಪ್ಲೇನ್ 70ರಲ್ಲಿ ಹಾರ್ತಾ ಇದೆ, ಪ್ರಾಪ್ ಹೋಗೋಕೆ ಸಾಧ್ಯ ಇರೋದೇ 75. ಮೋಟರಿಗೆ ಶಕ್ತಿ ಸಾಲದೆ ನಿಂತಿಲ್ಲ, ಪ್ರಾಪ್‌ನ ಪಿಚ್ ಸಾಲದೆ ನಿಂತಿದೆ.

ಈಗ ಇದೇ ಪ್ರಾಪ್ ಇಟ್ಕೊಂಡು 2200 ಕೆವಿ ಹಾಕಿದ್ರೆ ಏನಾಗತ್ತೆ ಅಂದ್ರೆ, ಪ್ರಾಪ್ ಎಳೆಯೋ ಪವರ್ ಸುತ್ತಿನ ಘನದ ಲೆಕ್ಕದಲ್ಲಿ ಏರತ್ತೆ, ಸುತ್ತು ಒಂದೂವರೆ ಪಟ್ಟು ಆದ್ರೆ ಪವರ್ ಮೂರು ಪಟ್ಟಿಗಿಂತ ಜಾಸ್ತಿ ಆಗತ್ತೆ, ನಿಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ನಾಲ್ಕು ಪಟ್ಟು. 30 ಆಂಪ್ಸ್ ಇಎಸ್‌ಸಿ ಹೊಗೆ ಬಿಡತ್ತೆ, ಬ್ಯಾಟರಿ ಊದ್ಕೊಳ್ಳತ್ತೆ. 2200 ಹಾಕ್ಲೇಬೇಕು ಅಂದ್ರೆ ಪ್ರಾಪ್ 6 ಬೈ 4ಕ್ಕೆ ಇಳಿಸಿ, ಆಗ ಪವರ್ ಈಗಿನಕ್ಕಿಂತ ಸ್ವಲ್ಪ ಮಾತ್ರ ಜಾಸ್ತಿ, ಆ ಪ್ರಾಪ್‌ನ ಮಿತಿ 119ಕ್ಕೆ ಹೋಗತ್ತೆ. ಆದ್ರೆ ನಾನಾಗಿದ್ರೆ ಕಮ್ಮಿ ಖರ್ಚಲ್ಲಿ ಮುಗಿಯೋ ಕೆಲಸ ಮೊದಲು ಮಾಡ್ತಿದ್ದೆ, ಇರೋ ಮೋಟರಿಗೇ 7 ಬೈ 6 ಪ್ರಾಪ್ ಹಾಕಿ ನೋಡಿ. ಪ್ರಾಪ್ ಲೋಡಿಗೆ ಅಗಲ ನಾಲ್ಕು ಸಲ ಗುಣಿಸ್ಕೊಂಡು ಬರತ್ತೆ, ಪಿಚ್ ಒಂದೇ ಸಲ, ಅದಕ್ಕೇ ಒಂದಿಂಚು ಅಗಲ ಕಮ್ಮಿ ಮಾಡಿ ಎರಡಿಂಚು ಪಿಚ್ ಜಾಸ್ತಿ ಮಾಡಿದ್ರೂ ಲೋಡ್ ಏರಲ್ಲ. ಮಿತಿ ಮಾತ್ರ 113ಕ್ಕೆ ಹೋಗತ್ತೆ. ಹಾಕಿದ ಮೇಲೆ ವಾಟ್ ಮೀಟರ್ ಕಟ್ಟಿ ಆಂಪ್ಸ್ ನೋಡಿ, ವಾಟ್ ಮೀಟರ್ ಇಲ್ದೆ ಪ್ರಾಪ್ ಬದಲಾಯಿಸೋದು ಬೇಡ.

113 ಸಿಗತ್ತಾ? ಸಿಗಲ್ಲ, 90ರ ಆಸುಪಾಸು ನಿಲ್ಲತ್ತೆ ಅಂತ ನನ್ನ ಅಂದಾಜು. ಯಾಕಂದ್ರೆ ಈಗ ಗಾಳಿ ಅಡ್ಡ ನಿಲ್ಲತ್ತೆ. ಸ್ಪೀಡ್ ಎರಡರಷ್ಟು ಆದ್ರೆ ಗಾಳಿಯ ತಡೆ ನಾಲ್ಕರಷ್ಟು, ಬೇಕಾಗೋ ಪವರ್ ಎಂಟರಷ್ಟು. ಇಲ್ಲಿಂದ ಮುಂದೆ ಒಂದೊಂದು ಕಿಲೋಮೀಟರೂ ಕತ್ತಿ ಮತ್ತೆ ಸ್ಯಾಂಡ್ ಪೇಪರಿಂದ ಬರ್ಬೇಕು. ಚಕ್ರ ತೆಗೀರಿ, ಕೈಲಿ ಎಸೆದು ಹಾರಿಸಿ ಹುಲ್ಲಿನ ಮೇಲೆ ಹೊಟ್ಟೆ ಊರಿಸಿ ಇಳಿಸಿ. ರೆಕ್ಕೆ ಕಟ್ಟೋ ರಬ್ಬರ್ ಬ್ಯಾಂಡ್ ಬಿಟ್ಟು ನೈಲಾನ್ ಬೋಲ್ಟ್ ಹಾಕಿ. ಸರ್ವೋನ, ಅಂದ್ರೆ ರೆಕ್ಕೆಯ ಪಟ್ಟಿ ಅಲ್ಲಾಡಿಸೋ ಪುಟ್ಟ ಮೋಟರನ್ನ, ರೆಕ್ಕೆ ಒಳಗೆ ಹುಗಿಸಿ. ರೆಕ್ಕೆಯ ಹಿಂದಿನ ಅಂಚನ್ನ ಉಜ್ಜಿ ಉಜ್ಜಿ ತೆಳ್ಳಗೆ ಮಾಡಿ, ಫೋಮ್ ಬೋರ್ಡಿನ ಚೌಕದ ಅಂಚು ಹಂಗೇ ಬಿಟ್ಟಿದ್ರೆ ಅದು ಹಿಂದಕ್ಕೆ ಎಳೀತಾನೇ ಇರತ್ತೆ. 150 ಬೇಕು ಅಂದ್ರೆ ಅದು ಬೇರೆ ಪ್ಲೇನೇ ಆಗ್ಬೇಕು, 700 ಎಂಎಂ ರೆಕ್ಕೆ, ರೆಕ್ಕೆಯ ದಪ್ಪ ಅದರ ಮುಂದಿನ ಅಂಚಿಂದ ಹಿಂದಿನ ಅಂಚಿನ ಅಗಲದಲ್ಲಿ ನೂರಕ್ಕೆ ಎಂಟೊಂಬತ್ತು ಭಾಗ ಅಷ್ಟೇ, ಮೋಟರ್ ಕೂರೋಷ್ಟೇ ಅಗಲದ ಮೈ, 4ಎಸ್ ಬ್ಯಾಟರಿ, 2200 ಕೆವಿ, 5 ಬೈ 5 ಪ್ರಾಪ್. ಅದರ ಲೆಕ್ಕ ನೀವೇ ಹಾಕಿ, ಮಿತಿ 200ರ ಹತ್ರ ಬರತ್ತೆ, ಅದಕ್ಕೇ 150 ಸಾಧ್ಯ.

ಒಂದು ಎಚ್ಚರಿಕೆ, ಇದನ್ನ ಮರೀಬೇಡಿ. ನಿಮ್ಮ 8 ಇಂಚಿನ ಪ್ರಾಪ್ ಮೇಲೆ ಎಸ್‌ಎಫ್ ಅಂತ ಇದ್ಯಾ ನೋಡಿ. ಅದು ಸ್ಲೋ ಫ್ಲೈ ಪ್ರಾಪ್, ಎಪಿಸಿ ಕಂಪನಿ ತನ್ನ ಸ್ಲೋ ಫ್ಲೈ ಪ್ರಾಪಿಗೆ ಕೊಟ್ಟಿರೋ ಮಿತಿ 65,000ನ ಇಂಚಿಂದ ಭಾಗಿಸಿದಷ್ಟು, ಅಂದ್ರೆ 8 ಇಂಚಿಗೆ 8,100 ಸುತ್ತು ಅಷ್ಟೇ. ನೀವು 12,400 ತಿರುಗಿಸ್ತಾ ಇದೀರ. ಅಂಥ ಪ್ರಾಪ್ ಆಗಿದ್ರೆ ಇವತ್ತೇ ತೆಗೆದಿಡಿ. ಮೋಟರ್ ಟೆಸ್ಟ್ ಮಾಡುವಾಗ ಪ್ರಾಪಿನ ಪಕ್ಕ ಯಾರೂ ನಿಲ್ಲಬಾರ್ದು, ಪ್ರಾಪ್ ಮುರಿದು ಬಂದ್ರೆ ನೇರ ಪಕ್ಕಕ್ಕೇ ಬರೋದು.

ಪ್ರಶ್ನೆ: ಹಾಸನದಲ್ಲಿ ಇಂಜಿನಿಯರಿಂಗ್ ಓದ್ತಿದೀವಿ, ನಾವು ನಾಲ್ಕು ಜನ ಹಾಸ್ಟೆಲ್ ಹುಡುಗ್ರು ಸೇರಿ ಥರ್ಮೋಕೋಲ್ ಕತ್ತರಿಸಿ ಸ್ಪೀಡ್ ವಿಂಗ್ ಮಾಡಿದ್ವಿ. ಮೇಲಿಂದ ಡೈವ್ ಹೊಡೆಸಿದಾಗ ಬರ್ರ್ ಅಂತ ಸದ್ದು ಬಂತು, ಒಂದು ಸೆಕೆಂಡಲ್ಲಿ ಬಲಗಡೆ ರೆಕ್ಕೆ ಹೋಯ್ತು. ಸಿಗ್ನಲ್ ಹೋಗಿದ್ದಾ, ಅಂಟು ಬಿಟ್ಟಿದ್ದಾ?

ಉತ್ತರ: ಎರಡೂ ಅಲ್ಲ ಕಣ್ರಪ್ಪ, ಆ ಸದ್ದು ಹೇಳಿದ್ರಲ್ಲ ಅಲ್ಲೇ ಗೊತ್ತಾಯ್ತು, ಅದು ಫ್ಲಟರ್. ನಾನೂ ಒಂದು ಪ್ಲೇನ್ ಹಿಂಗೇ ಕಳ್ಕೊಂಡಿದೀನಿ, ಜೇನು ಎದ್ದ ಹಂಗೆ ಸದ್ದು ಬಂತು, ನೋಡೋಷ್ಟ್ರಲ್ಲಿ ಐಲೆರಾನ್ (ರೆಕ್ಕೆ ಹಿಂದಿನ ಅಂಚಲ್ಲಿ ಅಲ್ಲಾಡೋ ಪಟ್ಟಿ) ಬೇರೆ ರೆಕ್ಕೆ ಬೇರೆ, ಐಲೆರಾನ್ ಹುಡುಕೋಕೆ ಆಲೂಗಡ್ಡೆ ಹೊಲದಲ್ಲಿ ಸಂಜೆ ತನಕ ಓಡಾಡಿದ್ದು ಈಗಲೂ ಕಣ್ಣ ಮುಂದಿದೆ. ಏನಾಗತ್ತೆ ಅಂದ್ರೆ ಐಲೆರಾನ್ ಒಂಚೂರು ಲೂಸ್ ಇದ್ರೆ ಗಾಳಿ ಅದನ್ನ ಮೇಲಕ್ಕೆ ತಳ್ಳತ್ತೆ, ಅದು ರೆಕ್ಕೆನ ತಿರುಚತ್ತೆ, ತಿರುಚಿದ ರೆಕ್ಕೆ ವಾಪಸ್ ಚಿಮ್ಮತ್ತೆ, ಐಲೆರಾನ್ ಆ ಕಡೆ ಹೋಗತ್ತೆ, ಮತ್ತೆ ಈ ಕಡೆ, ಸೆಕೆಂಡಿಗೆ ಹತ್ತಾರು ಸಲ, ಒಂದೊಂದು ಸಲಕ್ಕೂ ಗಾಳಿಯಿಂದ ಇನ್ನಷ್ಟು ಬಲ ತಗೊಂಡು. ಒಂದು ಸ್ಪೀಡ್ ತನಕ ಏನೂ ಇರಲ್ಲ, ಅದು ದಾಟಿದ ತಕ್ಷಣ ಶುರು. ಅದಕ್ಕೇ ನೆಟ್ಟಗೆ ಹಾರುವಾಗ ಚೆನ್ನಾಗಿದ್ದ ಪ್ಲೇನ್ ಡೈವಲ್ಲಿ ಒಡೆದುಹೋಗೋದು.

ಹೊಸ ರೆಕ್ಕೆ ಮಾಡುವಾಗ ಹಿಂಗೆ ಮಾಡಿ. ಸರ್ವೋ ಆನ್ ಮಾಡಿಟ್ಟು ಐಲೆರಾನ್ ತುದಿನ ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ, ಒಂದು ಎಂಎಂ ಆಟ ಇದ್ರೂ ಹಾರಿಸ್ಬೇಡಿ. ಆಟ ಎಲ್ಲಿಂದ ಬರತ್ತೆ ಅಂದ್ರೆ ಸಾಮಾನ್ಯವಾಗಿ ಸರ್ವೋ ಹಾರ್ನಿನ, ಅಂದ್ರೆ ಸರ್ವೋ ಮೇಲಿನ ಪುಟ್ಟ ಕೈಯ, ತೂತು ತಂತಿಗಿಂತ ದೊಡ್ಡದಿರತ್ತೆ, ಇಲ್ಲಾ 9 ಗ್ರಾಂ ಪ್ಲಾಸ್ಟಿಕ್ ಗೇರ್ ಸರ್ವೋ ಸವೆದಿರತ್ತೆ. ಮೆಟಲ್ ಗೇರ್ ಹಾಕಿ. ಪುಶ್‌ರಾಡ್, ಅಂದ್ರೆ ಸರ್ವೋಗೂ ಐಲೆರಾನಿಗೂ ನಡುವಿನ ತಂತಿ, ಗಿಡ್ಡ ಇರ್ಲಿ, ನೆಟ್ಟಗಿರ್ಲಿ, ಒತ್ತಿದ್ರೆ ಬಿಲ್ಲಿನ ಥರ ಬಾಗೋ ತಂತಿ ಬೇಡ. ಸರ್ವೋ ಕಡೆ ಒಳಗಿನ ತೂತಿಗೆ, ಐಲೆರಾನ್ ಕಡೆ ಹೊರಗಿನ ತೂತಿಗೆ ಹಾಕಿ, ಚಲನೆ ಕಮ್ಮಿ ಆಗತ್ತೆ ನಿಜ, ಸ್ಪೀಡ್ ಪ್ಲೇನಿಗೆ ಅಷ್ಟೇ ಸಾಕು, ಹಿಡಿತ ಬಲವಾಗತ್ತೆ. ಹಿಂಜ್ ಉದ್ದಕ್ಕೂ ಟೇಪ್ ಹಾಕಿ ಸಂದು ಮುಚ್ಚಿ. ರೆಕ್ಕೆ ಒಳಗೆ ಕಾರ್ಬನ್ ಟ್ಯೂಬ್ ಹಾಕಿದ್ರೆ ಸಾಲ್ದಾ ಅಂತ ಕೇಳಬಹುದು, ಅದು ಬಾಗೋದನ್ನ ತಡೆಯತ್ತೆ, ತಿರುಚೋದನ್ನ ತಡೆಯಲ್ಲ, ಫ್ಲಟರಿಗೆ ಬೇಕಾಗಿರೋದು ತಿರುಚೋದು ನಿಲ್ಲೋದು. ಅದಕ್ಕೆ ರೆಕ್ಕೆ ಮೈಮೇಲೆ ಫೈಬರ್ ಟೇಪನ್ನ ಓರೆಯಾಗಿ, ಒಂದು ಆ ಕಡೆ ಒಂದು ಈ ಕಡೆ, ಎಕ್ಸ್ ಅಕ್ಷರದ ಥರ ಎಳೆದು ಅಂಟಿಸಿ, ಅದರ ಮೇಲೆ ನುಣುಪು ಟೇಪ್ ಹಾಕಿ. ತುದಿ ಹಿಡಿದು ತಿರುಚಿ ನೋಡಿ, ಮೊದಲಿಗೂ ಈಗ್ಲಿಗೂ ಕೈಗೇ ಗೊತ್ತಾಗತ್ತೆ.

ಹಾಂ, ಥರ್ಮೋಕೋಲಿಗೆ ಫೆವಿಕ್ವಿಕ್ ಹಾಕ್ಬೇಡಿ, ತಿಂದುಹಾಕತ್ತೆ. ಅರಾಲ್ಡೈಟ್ ಒಳ್ಳೇದು. ಇನ್ನು ಹಾರ್ತಾ ಇರುವಾಗ ಆ ಸದ್ದು ಮತ್ತೆ ಕೇಳಿದ್ರೆ ಥ್ರಾಟಲ್ ಪೂರ್ತಿ ಇಳಿಸಿ, ಮೂತಿ ನಿಧಾನಕ್ಕೆ ಮೇಲೆತ್ತಿ, ಜೋರಾಗಿ ಎಳೆದ್ರೆ ಉಳಿದ ರೆಕ್ಕೆನೂ ಹೋಗತ್ತೆ. ಇಳಿಸಿದ ಮೇಲೆ ಹೊರಗೆ ಏನೂ ಆಗಿಲ್ಲ ಅಂತ ಕಂಡ್ರೂ ಸರ್ವೋ ಗೇರು, ಹಿಂಜು ಎಲ್ಲಾ ಬಿಚ್ಚಿ ನೋಡದೆ ಮತ್ತೆ ಎಸೀಬೇಡಿ.

ಪ್ರಶ್ನೆ: ನಮಸ್ತೆ ಸಾರ್, ನಾನು ಬೇಲೂರಿಂದ ಬರೀತಿದೀನಿ, ಮಗ ಪ್ಲೇನ್ ಬ್ಯಾಟರಿನ ರಾತ್ರಿ ಮಂಚದ ಪಕ್ಕ ಚಾರ್ಜಿಗೆ ಹಾಕಿ ಮಲಗ್ತಾನೆ. ಒಂದು ಬ್ಯಾಟರಿ ಹಪ್ಪಳದ ಥರ ಉಬ್ಬಿದೆ. ಏನೂ ಆಗಲ್ಲ ಬಿಡಮ್ಮ ಅಂತಾನೆ. ನಂಗೆ ಭಯ.

ಉತ್ತರ: ನಿಮ್ಮ ಭಯ ಸರಿಯಾಗೇ ಇದೆ ಅಮ್ಮ, ಈ ಉತ್ತರನ ಅವನ ಕೈಲೇ ಓದಿಸಿ. ಪ್ಲೇನಿನ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿಗೆ ಗಟ್ಟಿ ಡಬ್ಬಿ ಇರಲ್ಲ, ಮೊಬೈಲ್ ಬ್ಯಾಟರಿಗಿರೋ ಥರ ಒಳಗೆ ಕಾವಲು ಸರ್ಕ್ಯೂಟೂ ಇರಲ್ಲ, ಹೆಚ್ಚು ಚಾರ್ಜ್ ಆದ್ರೆ ಬೆಂಕಿ ಹತ್ತತ್ತೆ, ಹತ್ತಿದ್ರೆ ಕೆಲವೇ ಸೆಕೆಂಡಲ್ಲಿ ರೂಮೆಲ್ಲಾ ಹೊಗೆ. ಮಲಗಿದ್ದಾಗ ಚಾರ್ಜಿಂಗ್ ಬೇಡ್ವೇ ಬೇಡ. ಅವನು ಎದ್ದಿರುವಾಗ, ಎದುರಿಗೆ ಕೂತು, ಸಿಮೆಂಟ್ ನೆಲದ ಮೇಲೆ ಮಣ್ಣಿನ ಕುಂಡದಲ್ಲಿ ಇಟ್ಟು ಚಾರ್ಜ್ ಮಾಡ್ಲಿ, ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳಿರ್ಲಿ. ಎಲ್ಲಾ ಸೆಲ್ಲನ್ನೂ ಸಮವಾಗಿ ತುಂಬಿಸೋ ಬ್ಯಾಲೆನ್ಸ್ ಚಾರ್ಜರ್ ಇರ್ಬೇಕು, 2200 ಬ್ಯಾಟರಿಗೆ 2.2 ಆಂಪ್ಸ್, ಒಂದು ಸೆಲ್ಲಿಗೆ 4.2 ವೋಲ್ಟ್ ಮೇಲೆ ಹೋಗ್ಬಾರ್ದು. ಹಾರಿಸುವಾಗ ಪೂರ್ತಿ ಖಾಲಿ ಮಾಡಿದ್ರೂ ಉಬ್ಬತ್ತೆ, ಸೆಲ್ಲಿಗೆ 3.5 ಬಂದ್ರೆ ಇಳಿಸ್ಬಿಡ್ಲಿ. ಮುಂದಿನ ಭಾನುವಾರ ತನಕ ಹಾರಿಸಲ್ಲ ಅಂದ್ರೆ ಫುಲ್ ಚಾರ್ಜಲ್ಲಿ ಇಡೋದು ಬೇಡ, 3.8ಕ್ಕೆ ತಂದು ಇಡ್ಲಿ, ಚಾರ್ಜರಲ್ಲೇ ಸ್ಟೋರೇಜ್ ಅಂತ ಇರತ್ತೆ.

ಆ ಉಬ್ಬಿರೋದು ಮುಗೀತು, ಚುಚ್ಚಿ ಗಾಳಿ ತೆಗೀತೀನಿ ಅಂದ್ರೆ ಬಿಡಲೇಬೇಡಿ. ಮನೆ ಹೊರಗೆ ಬಯಲಲ್ಲಿ ಒಂದು ಕಾರ್ ಹೆಡ್‌ಲೈಟ್ ಬಲ್ಬ್ ಕಟ್ಟಿ ಪೂರ್ತಿ ಖಾಲಿ ಮಾಡಿಸಿ, ವೈರಿಗೆ ಟೇಪ್ ಸುತ್ತಿ, ಈ-ವೇಸ್ಟ್ ತಗೊಳ್ಳೋರಿಗೆ ಕೊಡಿ, ಕಸದ ಗಾಡಿಗೆ ಬೇಡ. ಮಗನ್ನ ಬೈಬೇಡಿ, ಹವ್ಯಾಸ ಒಳ್ಳೇದೇ, ಈ ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ.

ಪ್ರಶ್ನೆ: ಚಿಕ್ಕಮಗಳೂರು ಹತ್ರ ನಮ್ದು ಕಾಫಿ ತೋಟ. ಮಂಗಳೂರಲ್ಲಿ ತಮ್ಮನ ಮನೆಗೆ ಹೋದಾಗ ಚೆನ್ನಾಗಿ ಹಾರ್ತಿದ್ದ ಅದೇ ಪ್ಲೇನ್ ಇಲ್ಲಿ ಕೈಯಿಂದ ಬಿಟ್ಟ ತಕ್ಷಣ ಕುಸಿಯತ್ತೆ, ಇಳಿಸುವಾಗ ಓಡ್ಕೊಂಡು ಬರತ್ತೆ. ಬ್ಯಾಟರಿ ಹೊಸದೇ.

ಉತ್ತರ: ಗಾಳಿಯೇ ತೆಳ್ಳಗಿದೆ ಸಾರ್. ಮಂಗಳೂರು ಸಮುದ್ರದ ಪಕ್ಕ, ನೀವಿರೋದು ಸಾವಿರ ಮೀಟರ್ ಮೇಲೆ, ಅಲ್ಲಿ ಗಾಳಿಯ ಸಾಂದ್ರತೆ ನೂರಕ್ಕೆ ಹತ್ತರಷ್ಟು ಕಮ್ಮಿ. ರೆಕ್ಕೆ ಎತ್ತೋ ಬಲ, ಪ್ರಾಪ್ ತಳ್ಳೋ ಬಲ ಎರಡೂ ಅಷ್ಟಷ್ಟು ಕಮ್ಮಿ ಆಗತ್ತೆ, ತೂಕ ಮಾತ್ರ ಅಷ್ಟೇ ಇರತ್ತೆ. ಹಂಗಾಗಿ ಸ್ಟಾಲ್ ಆಗೋ ಸ್ಪೀಡ್, ಅಂದ್ರೆ ಯಾವ ಸ್ಪೀಡಿಗಿಂತ ಕೆಳಗೆ ರೆಕ್ಕೆ ಎತ್ತೋದು ಬಿಟ್ಟು ಪ್ಲೇನ್ ಕುಸಿಯತ್ತೋ ಅದು, ನೂರಕ್ಕೆ ಐದರಷ್ಟು ಏರತ್ತೆ. ದೊಡ್ಡ ರೆಕ್ಕೆಯ ಟ್ರೈನರಿಗೆ, ಅಂದ್ರೆ ಕಲಿಯೋರ ಪ್ಲೇನಿಗೆ, ಇದು ಗೊತ್ತೇ ಆಗಲ್ಲ, ಗಿಡ್ಡ ರೆಕ್ಕೆಯ ಭಾರದ ಸ್ಪೀಡ್ ಪ್ಲೇನಿಗೆ ಕೈಯಿಂದ ಬಿಡೋ ಆ ಎರಡು ಸೆಕೆಂಡಲ್ಲಿ ಚೆನ್ನಾಗೇ ಗೊತ್ತಾಗತ್ತೆ, ಬಿಸಿಲು ಮಧ್ಯಾಹ್ನ ಆದ್ರೆ ಇನ್ನೂ ಜಾಸ್ತಿ. ಬೆಳಗ್ಗೆ ಏಳೂವರೆ ಎಂಟಕ್ಕೆ, ಮಂಜು ಬಿಟ್ಟ ಮೇಲೆ ಹಾರಿಸಿ, ಗಾಳಿಗೆ ಎದುರಾಗಿ ಜೋರಾಗಿ ನೆಟ್ಟಗೆ ಎಸೆಯಿರಿ, ಮೇಲಕ್ಕೆ ಎಸೀಬೇಡಿ. ಪ್ರಾಪಿಗೂ ಲೋಡ್ ಕಮ್ಮಿ ಇರೋದ್ರಿಂದ ವಾಟ್ ಮೀಟರ್ ನೋಡ್ಕೊಂಡು ಅರ್ಧ ಇಂಚು ದೊಡ್ಡ ಪ್ರಾಪ್ ಹಾಕ್ಬಹುದು. ಇಷ್ಟರಲ್ಲೂ ಕುಸಿದ್ರೆ ಎರಡು ಗೂಟ ಹೊಡೆದು ಬಂಜಿ ಹಗ್ಗದಲ್ಲಿ ಚಿಮ್ಮಿಸಿ. ಆದ್ರೆ ತೋಟದೊಳಗೆ ಬೇಡ, ಸಿಲ್ವರ್ ಓಕ್ ಎತ್ತರಕ್ಕೆ ಸಿಕ್ಕಾಕ್ಕೊಂಡ ಪ್ಲೇನ್ ತರೋಕೆ ಆಳನ್ನ ಮರ ಹತ್ತಿಸೋದು ಸರಿಯಲ್ಲ, ಪ್ಲೇನ್ ಹೋದ್ರೆ ಹೋಗ್ಲಿ.

ಪ್ರಶ್ನೆ: ಅರಸೀಕೆರೆ, ಪಿಯುಸಿ. ಮೊದಲನೇ ಪ್ಲೇನೇ ಸ್ಪೀಡ್ ಪ್ಲೇನ್ ಮಾಡ್ಬಹುದಾ? ಲೈಸೆನ್ಸ್ ಬೇಕಾ?

ಉತ್ತರ: ಮೊದಲನೇದೇ ಸ್ಪೀಡ್ ಪ್ಲೇನ್ ಬೇಡ ತಮ್ಮಾ. 120ರಲ್ಲಿ ಹೋಗೋ ಪ್ಲೇನ್ ಸೆಕೆಂಡಿಗೆ 33 ಮೀಟರ್ ಹೋಗತ್ತೆ, ನೀನು ಎಡ ಯಾವುದು ಬಲ ಯಾವುದು ಅಂತ ಯೋಚನೆ ಮಾಡೋ ಮೂರು ಸೆಕೆಂಡಲ್ಲಿ ನೂರು ಮೀಟರ್ ಆಚೆ ಚುಕ್ಕೆ ಆಗಿರತ್ತೆ. ಸಿಮ್ಯುಲೇಟರಲ್ಲಿ ಒಂದು ತಿಂಗಳು, ಆಮೇಲೆ ನಿಧಾನದ ಟ್ರೈನರ್, ಪ್ಲೇನ್ ನಿನ್ನ ಕಡೆಗೆ ಬರುವಾಗ ಕೈ ತಾನಾಗೇ ಸರಿಯಾಗಿ ತಿರುಗೋ ತನಕ.

2021ರ ಡ್ರೋನ್ ನಿಯಮದಲ್ಲಿ ಮಾಡೆಲ್ ಪ್ಲೇನಿಗೆ ಟೈಪ್ ಸರ್ಟಿಫಿಕೇಟ್ (ಆ ಮಾದರಿ ಹಾರಿಸೋಕೆ ಯೋಗ್ಯ ಅನ್ನೋ ಪತ್ರ) ಕೇಳಲ್ಲ, 2 ಕೆಜಿ ಒಳಗಿದ್ದು ವ್ಯಾಪಾರಕ್ಕಲ್ಲದೆ ಹಾರಿಸಿದ್ರೆ ಪೈಲಟ್ ಲೈಸೆನ್ಸೂ (ಈಗ ಅದಕ್ಕೆ ಪೈಲಟ್ ಸರ್ಟಿಫಿಕೇಟ್ ಅಂತಾರೆ) ಬೇಡ, ಕಣ್ಣಿಗೆ ಕಾಣೋಷ್ಟು ದೂರದಲ್ಲೇ ಇರ್ಬೇಕು. ಹಾರಿಸೋ ಜಾಗ ಮಾತ್ರ ಸರ್ಕಾರದ ಏರ್‌ಸ್ಪೇಸ್ ಮ್ಯಾಪಲ್ಲಿ ನೋಡ್ಕೋ. ಹಸಿರು ಇದ್ರೆ ಸಾಮಾನ್ಯವಾಗಿ 120 ಮೀಟರ್ ಎತ್ತರದ ತನಕ ಸರಿ, ಹಳದಿಗೆ ಏರ್ ಟ್ರಾಫಿಕ್ ಕಂಟ್ರೋಲ್ ಅನುಮತಿ ಬೇಕು, ಕೆಂಪಿಗೆ ಕೇಂದ್ರ ಸರ್ಕಾರದ್ದು. ಹಾಸನಕ್ಕೆ ಬಂದಾಗ ಸಾಲಗಾಮೆ ರಸ್ತೆ ಕಡೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ, ಅದರ ಸುತ್ತಮುತ್ತ ಪ್ಲೇನ್ ಬ್ಯಾಗಿಂದ ಹೊರಗೇ ತೆಗೀಬೇಡ. ನಿಮ್ಮೂರಲ್ಲಾದ್ರೆ ಬೇಸಿಗೆಗೆ ಒಣಗಿದ ಕೆರೆ ಅಂಗಳ ಒಳ್ಳೇ ಜಾಗ, ದನ ಮೇಯಿಸೋರು ಇದ್ರೆ ಅವರನ್ನ ಒಂದು ಮಾತು ಕೇಳಿ, ದನ ದೂರ ಹೋದ ಮೇಲೆ ಹಾರಿಸು.